ಕಡಲೊಳಗನ್ನು ಕಂಡ ಮಹಿಳೆಯರು

ಸಮುದ್ರವನ್ನು ನೋಡಿದವರು ನಮ್ಮಲ್ಲಿ ಬಹುಮಂದಿ ಇದ್ದಾರೆ. ಕಾರವಾರದಲ್ಲೋ ಮಲ್ಪೆಯಲ್ಲೋ ದಡದ ಮೇಲೆ ನಿಂತು, ಅಲೆಗಳು ಬಂದು ಕಾಲು ತೊಳೆದು ಹಿಂದಿರುಗುವ ಚೆಲುವನ್ನು ಕಂಡು, ಒಂದೆರಡು ಚಿಪ್ಪುಗಳನ್ನು ಆರಿಸಿಕೊಂಡು ಮನೆಗೆ ಮರಳಿ, 'ಸಮುದ್ರ ನೋಡಿ ಬಂದೆವು' ಎನ್ನುತ್ತೇವೆ. ಆದರೆ ನಾವು ನೋಡಿ ಬಂದುದು ಸಮುದ್ರದ ಮೇಲ್ಮೈಯನ್ನಷ್ಟೆ. ಸೂರನ್ನು ಕಂಡು ಮನೆಯೊಳಗಿನ ಸಂಸಾರವನ್ನು ವರ್ಣಿಸಲು ಹೊರಟವನ ಮಾತಿಗೆ ಎಷ್ಟು ಬೆಲೆಯೋ, ಸಮುದ್ರವನ್ನು ಕುರಿತ ನಮ್ಮ ಮಾತಿಗೂ ಅಷ್ಟೇ ಬೆಲೆ. ಭೂಮಿಯ ಮೇಲ್ಮೈಯಲ್ಲಿ ನೂರಕ್ಕೆ 71 ಪಾಲನ್ನು ಆವರಿಸಿರುವ ಈ ಜಲರಾಶಿಯ ಸರಾಸರಿ ಆಳ ಸುಮಾರು 3,700 ಮೀಟರು. ಅದರಲ್ಲಿ ನಮ್ಮ ಕಣ್ಣಿಗೆ ಬೀಳುವುದು ಮೇಲಿನ ಒಂದು ತೆಳುವಾದ ಪದರ.

ಬಹುಕಾಲದವರೆಗೆ ವಿಜ್ಞಾನಿಗಳ ಪಾಡೂ ಇದಕ್ಕಿಂತ ಹೆಚ್ಚು ಮೇಲಾಗಿರಲಿಲ್ಲ. ಹಡಗಿನ ಮೇಲೆ ನಿಂತು ಬಲೆಯನ್ನೋ ಗಾಳವನ್ನೋ ಇಳಿಬಿಟ್ಟು, ಮೇಲಕ್ಕೆ ಬಂದ ಸತ್ತ ಮೀನುಗಳನ್ನೂ ಹರಿದ ಪಾಚಿಗಳನ್ನೂ ಮೇಜಿನ ಮೇಲೆ ಹರಡಿಕೊಂಡು, ಅವು ಹೇಗೆ ಬದುಕಿದ್ದವೆಂದು ಅವರು ಊಹಿಸಬೇಕಾಗಿತ್ತು. ಸಂತೆ ಕಳೆದ ಮರುದಿನ ಬಯಲಿನಲ್ಲಿ ಬಿದ್ದಿರುವ ಎಲೆ ಸಿಪ್ಪೆಗಳನ್ನು ಆರಿಸಿ, ಹಿಂದಿನ ದಿನ ವ್ಯಾಪಾರ ಹೇಗೆ ನಡೆಯಿತೆಂದು ಹೇಳುವಷ್ಟೇ ಕಷ್ಟದ ಕೆಲಸವದು.

ಸಂತೆ ನಡೆಯುತ್ತಿರುವಾಗಲೇ ಅದರೊಳಕ್ಕೆ ಹೊಕ್ಕು ನೋಡಿದ ಮೂವರು ಮಹಿಳೆಯರ ಕಥೆಯನ್ನು ನಾವು ಇಲ್ಲಿ ಹೇಳಬೇಕೆಂದಿದ್ದೇವೆ. ಅವರಲ್ಲಿ ಒಬ್ಬರು ಮೀನುಗಳನ್ನು ಅರಿಯಲು ಇಳಿದರು. ಇನ್ನೊಬ್ಬರು ಪಾಚಿಗಳನ್ನು ಆಯಲು ಇಳಿದರು. ಮೂರನೆಯವರು ಬೇಟೆಯಾಡಲೆಂದೇ ಇಳಿದರು. ಹೊರಟ ದಾರಿಗಳು ಬೇರೆಯಾದರೂ ಮೂವರೂ ಕೊನೆಗೆ ಸೇರಿದ ಎಡೆ ಒಂದೇ: ಅವರು ಸಮುದ್ರದ ಕಾವಲಿಗೆ ನಿಂತರು. ಹೀಗಾದುದೇಕೆಂಬುದು ವಿಚಾರ ಮಾಡತಕ್ಕ ವಿಷಯ.

ಉಸಿರು ಬಿಗಿಹಿಡಿದವರು

ಹೆಂಗಸರು ಕಡಲಿನ ತಳಕ್ಕೆ ಇಳಿಯುವುದು ಹೊಸ ಸಂಗತಿಯೇನೂ ಅಲ್ಲ. ದಕ್ಷಿಣ ಕೊರಿಯಾಕ್ಕೆ ಸೇರಿದ ಜೇಜು ಎಂಬ ದ್ವೀಪದಲ್ಲಿ 'ಹೇನ್ಯೊ', ಅಂದರೆ 'ಕಡಲ ಹೆಂಗಸರು', ಎಂಬ ಒಂದು ಸಮುದಾಯವಿದೆ. ಯಾವ ಉಸಿರಾಟದ ಯಂತ್ರವೂ ಇಲ್ಲದೆ, ಎದೆಯಲ್ಲಿ ತುಂಬಿಕೊಂಡ ಒಂದೇ ಉಸಿರಿನ ಬಲದಿಂದ, ಹತ್ತು ಮೀಟರು ಆಳಕ್ಕೆ ಇಳಿದು ಇವರು ಚಿಪ್ಪುಜೀವಿಗಳನ್ನೂ ಕಡಲ ಪಾಚಿಯನ್ನೂ ಕಿತ್ತು ತರುತ್ತಾರೆ. ಒಂದು ನಿಮಿಷವೋ ಅದಕ್ಕೆ ಮೇಲೆ ಸ್ವಲ್ಪವೋ ಕಳೆದು ತಲೆ ಮೇಲೆತ್ತಿದಾಗ ಅವರು ಬಿಡುವ ಉಸಿರು ಸಿಳ್ಳಿನಂತೆ ದೂರದವರೆಗೂ ಕೇಳಿಸುವುದು. ಇವರಲ್ಲಿ ಹೆಚ್ಚಿನವರು ಇಂದು ಅರವತ್ತು ದಾಟಿದ ಅಜ್ಜಿಯರು. 2016ರಲ್ಲಿ ಯುನೆಸ್ಕೋ ಸಂಸ್ಥೆ ಇವರ ಸಂಸ್ಕೃತಿಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ನಾವಿಲ್ಲಿ ಮುಖ್ಯವಾಗಿ ಗಮನಿಸಬೇಕಾದುದು ಅವರ ಸಾಹಸವನ್ನಲ್ಲ, ಅವರ ಕಟ್ಟುಪಾಡನ್ನು. ಯಾವ ತಿಂಗಳಲ್ಲಿ ಯಾವ ಚಿಪ್ಪನ್ನು ಮುಟ್ಟಬಾರದು, ಎಷ್ಟು ಚಿಕ್ಕದನ್ನು ಬಿಟ್ಟು ಬರಬೇಕು ಎಂಬುದನ್ನು ಊರಿನ ಮುಳುಗುಗಾರ್ತಿಯರೇ ಒಟ್ಟಾಗಿ ಗೊತ್ತುಮಾಡುತ್ತಾರೆ. ತಳದ ಬಂಡೆ ಬಂಡೆಯನ್ನೂ ಕೈಯಾರೆ ಮುಟ್ಟಿ ಬಲ್ಲವರಿಗೆ, ಈ ವರ್ಷ ಬರಿದು ಮಾಡಿದರೆ ಮುಂದಿನ ವರ್ಷ ಏನೂ ಉಳಿಯದೆಂಬುದನ್ನು ಬೇರೆಯವರು ಬಂದು ಬೋಧಿಸಬೇಕಾಗಿಲ್ಲ. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು ನಾವು ಮುಂದುವರಿಯೋಣ.

ಬೆನ್ನ ಮೇಲಿನ ಗಾಳಿ

ಒಂದೇ ಉಸಿರಿನಲ್ಲಿ ಹೆಚ್ಚೇನನ್ನೂ ನೋಡಲಾಗದು. ಹಾಗಾದರೆ ಉದ್ದನೆಯ ಕೊಳವೆಯೊಂದನ್ನು ಬಾಯಿಗಿಟ್ಟುಕೊಂಡು ಕೆಳಗೆ ಇದ್ದುಬಿಡಬಾರದೇಕೆ ಎಂದು ವಾಚಕರು ಕೇಳಬಹುದು. ಅದಕ್ಕೆ ಅಡ್ಡಿಯಾಗಿರುವುದು ನೀರಿನ ಒತ್ತಡ. ಪ್ರತಿ ಹತ್ತು ಮೀಟರು ಇಳಿದಂತೆಲ್ಲ ನಮ್ಮ ಮೈಮೇಲಿನ ಒತ್ತಡ ಒಂದೊಂದು ವಾಯುಮಂಡಲದಷ್ಟು ಏರುತ್ತದೆ. ಇಷ್ಟು ಭಾರವನ್ನು ಎದುರಿಸಿ ಎದೆಯನ್ನು ಹಿಗ್ಗಿಸಿ ಮೇಲಿನ ಗಾಳಿಯನ್ನು ಒಳಕ್ಕೆಳೆದುಕೊಳ್ಳುವ ಶಕ್ತಿ ನಮ್ಮ ಸ್ನಾಯುಗಳಿಗಿಲ್ಲ. ಸುತ್ತಲಿನ ನೀರಿಗೆ ಎಷ್ಟು ಒತ್ತಡವಿದೆಯೋ ಅಷ್ಟೇ ಒತ್ತಡದ ಗಾಳಿ ಬಾಯಿಗೆ ಬಂದರೆ ಮಾತ್ರ ಉಸಿರಾಟ ಸಾಧ್ಯ. ಈ ಕೆಲಸವನ್ನು ತಾನಾಗಿಯೇ ಮಾಡುವ ಕವಾಟವೊಂದನ್ನು 1943ರಲ್ಲಿ ಫ್ರಾನ್ಸಿನ ಜಾಕ್ ಕೂಸ್ತೊ ಮತ್ತು ಎಮಿಲ್ ಗನ್ಯಾನ್ ಎಂಬವರು ಸಿದ್ಧಪಡಿಸಿದರು. ಗಾಳಿಯನ್ನು ಅದುಮಿ ತುಂಬಿದ ಉಕ್ಕಿನ ಸಿಲಿಂಡರನ್ನು ಬೆನ್ನಿಗೆ ಕಟ್ಟಿಕೊಂಡು, ಮೇಲಿನ ಹಡಗಿನ ಹಂಗಿಲ್ಲದೆ ಮೀನಿನಂತೆ ಈಜಾಡುವುದು ಅಂದಿನಿಂದ ಸಾಧ್ಯವಾಯಿತು. ಇದನ್ನೇ ಇಂದು 'ಸ್ಕೂಬಾ' ಎಂದು ಕರೆಯುತ್ತಾರೆ.

ಆದರೂ ಒಂದು ಅಪಾಯ ಉಳಿದೇ ಇತ್ತು. ಹೆಚ್ಚಿನ ಒತ್ತಡದಲ್ಲಿ ಉಸಿರಾಡಿದಾಗ ಗಾಳಿಯಲ್ಲಿರುವ ಸಾರಜನಕವು ರಕ್ತದಲ್ಲಿಯೂ ಮಾಂಸದಲ್ಲಿಯೂ ಕರಗಿ ಸೇರಿಕೊಳ್ಳುತ್ತದೆ. ಮುಳುಗುಗಾರನು ಅವಸರದಿಂದ ಮೇಲಕ್ಕೆ ಬಂದರೆ, ಗೋಲಿ ಸೋಡಾದ ಗೋಲಿಯನ್ನು ಒತ್ತಿದೊಡನೆ ಗುಳ್ಳೆಗಳು ಉಕ್ಕುವಂತೆ, ಆ ಸಾರಜನಕವೂ ಮೈಯೊಳಗೇ ಗುಳ್ಳೆಗಟ್ಟುವುದು. ಕೀಲುಗಳಲ್ಲಿ ತಡೆಯಲಾಗದ ನೋವು, ಕೆಲವೊಮ್ಮೆ ಪಾರ್ಶ್ವವಾಯು, ಮರಣ ಕೂಡ ಇದರಿಂದ ಸಂಭವಿಸಬಹುದು. ಆದುದರಿಂದ ಮೆಲ್ಲಮೆಲ್ಲನೆ, ಅಲ್ಲಲ್ಲಿ ತಂಗುತ್ತ ಮೇಲೇರಬೇಕು. ಆಳ ಹೆಚ್ಚಿದಷ್ಟೂ, ಹೊತ್ತು ಹೆಚ್ಚಿದಷ್ಟೂ ಈ ತಂಗುವಿಕೆಯೂ ಹೆಚ್ಚುತ್ತದೆ. ನಮ್ಮ ಕಥೆಯ ಮಹಿಳೆಯರು ಕೈಹಾಕಿದುದು ಇಂತಹ ವಿದ್ಯೆಗೆ.

ಶಾರ್ಕುಗಳ ಗೆಳತಿ

1930ರ ದಶಕದ ಆರಂಭ. ನ್ಯೂಯಾರ್ಕ್ ನಗರದಲ್ಲಿ, ಗಂಡನನ್ನು ಕಳೆದುಕೊಂಡ ಜಪಾನೀ ವಂಶದ ತಾಯಿಯೊಬ್ಬಳು ಶನಿವಾರವೂ ದುಡಿಯಬೇಕಾಗಿದ್ದುದರಿಂದ, ತನ್ನ ಒಂಬತ್ತು ವರ್ಷದ ಮಗಳನ್ನು ಸಮೀಪದ ಮತ್ಸ್ಯಾಲಯದಲ್ಲಿ ಬಿಟ್ಟು ಕೆಲಸಕ್ಕೆ ಹೋಗುತ್ತಿದ್ದಳು. ಆ ಹುಡುಗಿ ಗಾಜಿಗೆ ಮೂಗೊತ್ತಿ ನಿಂತು, ತಾನೂ ಆ ಮೀನುಗಳೊಡನೆ ತಳದಲ್ಲಿ ನಡೆಯುತ್ತಿರುವಂತೆ ಕಲ್ಪಿಸಿಕೊಳ್ಳುವಳು. ಅವಳೇ ಮುಂದೆ ಜಗತ್ತಿಗೆ ಶಾರ್ಕುಗಳ ಪರಿಚಯ ಮಾಡಿಕೊಟ್ಟ ಯೂಜೀನಿ ಕ್ಲಾರ್ಕ್ (1922–2015).

ಆಕೆಯ ದಾರಿ ಸುಗಮವಾಗಿರಲಿಲ್ಲ. ಉನ್ನತ ವ್ಯಾಸಂಗಕ್ಕೆ ಅರ್ಜಿ ಹಾಕಿದಾಗ, ಮದುವೆಯಾಗಿ ಮಕ್ಕಳನ್ನು ಹೆತ್ತು ವಿಜ್ಞಾನವನ್ನು ಬಿಟ್ಟುಬಿಡುವ ಹೆಣ್ಣಿಗೆ ಕಲಿಸಿ ಪ್ರಯೋಜನವೇನೆಂಬ ಅರ್ಥದ ಮಾತನ್ನು ಪ್ರಾಧ್ಯಾಪಕರೊಬ್ಬರಿಂದ ಅವರು ಕೇಳಬೇಕಾಯಿತು. ಅವರು ಮದುವೆಯಾದುದೂ ನಿಜ, ನಾಲ್ಕು ಮಕ್ಕಳ ತಾಯಿಯಾದುದೂ ನಿಜ; ವಿಜ್ಞಾನವನ್ನು ಮಾತ್ರ ಬಿಡಲಿಲ್ಲ. 1949ರಲ್ಲಿ ಪೆಸಿಫಿಕ್ ದ್ವೀಪಗಳಿಗೆ ಹೋಗಿ, ಅಲ್ಲಿನ ಬೆಸ್ತರಿಂದ ನೀರಿನಡಿ ಈಟಿ ಹಿಡಿದು ಮೀನು ಹೊಡೆಯುವುದನ್ನು ಕಲಿತು, ವಿಷಮೀನುಗಳನ್ನು ಸಂಗ್ರಹಿಸಿದರು. 1950ರಲ್ಲಿ ಡಾಕ್ಟರೇಟ್ ಪದವಿ ಪಡೆದು ಕೆಂಪು ಸಮುದ್ರಕ್ಕೆ ತೆರಳಿದರು. 1955ರಲ್ಲಿ ಅಮೆರಿಕದ ಫ್ಲಾರಿಡಾ ತೀರದಲ್ಲಿ, ಮರದ ಒಂದು ಪುಟ್ಟ ಕಟ್ಟಡದಲ್ಲಿ ಸಂಶೋಧನಾಲಯವೊಂದನ್ನು ತೆರೆದರು. ಇಂದು ಅದು 'ಮೋಟ್ ಸಾಗರ ಪ್ರಯೋಗಾಲಯ' ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ.

ಶಾರ್ಕನ್ನು ನಮ್ಮ ತುಳುವರು 'ತಾಟೆ'ಯೆಂದೂ ಕೊಂಕಣಿಗರು 'ಮೋರಿ'ಯೆಂದೂ ಕರೆಯುತ್ತಾರೆ. ಅದು ಮೂಗಿನ ವಾಸನೆಯನ್ನೇ ನಂಬಿ ಅಲೆಯುವ ಮಂದಬುದ್ಧಿಯ ಕೊಲೆಗಡುಕನೆಂದೇ ಆ ಕಾಲದ ಜನ ನಂಬಿದ್ದರು. ಕ್ಲಾರ್ಕರು 1958ರಲ್ಲಿ ಒಂದು ಪ್ರಯೋಗವನ್ನು ಹೂಡಿದರು. ಶಾರ್ಕುಗಳ ಕೊಳದೊಳಗೆ ಒಂದು ಬಿಳಿಯ ಹಲಗೆಯನ್ನು ಇಳಿಬಿಟ್ಟು, ಶಾರ್ಕು ಮೂತಿಯಿಂದ ಅದನ್ನು ಒತ್ತಿದರೆ ಗಂಟೆ ಬಾರಿಸುವಂತೆ ಮಾಡಿ, ಗಂಟೆ ಬಾರಿಸಿದಾಗ ಮಾತ್ರ ಆಹಾರ ಕೊಡತೊಡಗಿದರು. ಕೆಲವು ವಾರಗಳಲ್ಲಿಯೇ ಶಾರ್ಕುಗಳು ಆ ಪಾಠವನ್ನು ಕಲಿತವು. ಚಳಿಗಾಲದಲ್ಲಿ ಪಾಠವನ್ನು ಹಲವು ವಾರ ನಿಲ್ಲಿಸಿ ಮತ್ತೆ ಹಲಗೆಯನ್ನು ಇಳಿಸಿದಾಗ ಅವು ಅದನ್ನು ಮರೆತಿರಲಿಲ್ಲ! 1959ರಲ್ಲಿ ಈ ವರದಿ ಪ್ರಕಟವಾದಾಗ, ಶಾರ್ಕಿಗೂ ಕಲಿಯುವ ಶಕ್ತಿಯುಂಟೆಂಬುದು ವಿದ್ವಾಂಸರಿಗೆ ಮನದಟ್ಟಾಯಿತು.

ಕೆಂಪು ಸಮುದ್ರದಲ್ಲಿ ಅವರು ಕಂಡ ಇನ್ನೊಂದು ಕೌತುಕವುಂಟು. ಅಲ್ಲಿ ಮರಳಿನ ಮೇಲೆ ಚಪ್ಪಟೆಯಾಗಿ ಒರಗಿರುವ ಒಂದು ಬಗೆಯ ಮೀನನ್ನು 'ಮೋಸೆಸನ ಮೀನು' ಎಂದು ಕರೆಯುತ್ತಾರೆ. ಅದನ್ನು ಹಿಡಿದಾಗ ಅದರ ರೆಕ್ಕೆಗಳ ಬುಡದಿಂದ ಹಾಲಿನಂತಹ ದ್ರವವೊಂದು ಒಸರಿ, ಅವರ ಬೆರಳುಗಳು ಜೋಮು ಹಿಡಿದವು. ಮುಂದೆ ಪರೀಕ್ಷೆ ಮಾಡಿದಾಗ, ಆ ಮೀನನ್ನು ಕಚ್ಚಲು ಬಂದ ಶಾರ್ಕು ತೆರೆದ ಬಾಯನ್ನು ಮುಚ್ಚಲಾರದೆ ತಲೆ ಕೊಡವುತ್ತ ಓಡಿಹೋಯಿತು. ಬಲೆಯಲ್ಲಿ ಬಂದ ಸತ್ತ ಮೀನಿನಿಂದ ಇಂತಹ ಸಂಗತಿ ಹೊರಬೀಳುವುದು ಸಾಧ್ಯವಿತ್ತೇ?

ಇನ್ನೂ ಒಂದು ನಂಬಿಕೆಯನ್ನು ಅವರು ಅಲುಗಿಸಿದರು. ಸದಾ ಈಜುತ್ತಿರದಿದ್ದರೆ ಕಿವಿರುಗಳಿಗೆ ನೀರು ಹರಿಯದೆ ದೊಡ್ಡ ಶಾರ್ಕುಗಳು ಉಸಿರುಗಟ್ಟಿ ಸಾಯುವುವೆಂದು ಪಂಡಿತರು ಹೇಳುತ್ತಿದ್ದರು. ಆದರೆ ಮೆಕ್ಸಿಕೋದ ಇಸ್ಲಾ ಮುಹೇರೆಸ್ ದ್ವೀಪದ ಬಳಿ, ನೀರಿನಡಿಯ ಗುಹೆಗಳಲ್ಲಿ ಶಾರ್ಕುಗಳು ಅಲುಗಾಡದೆ ಮಲಗಿರುವುದನ್ನು ಅಲ್ಲಿನ ಮುಳುಗುಗಾರರು ಬಲ್ಲವರಾಗಿದ್ದರು. 1970ರ ದಶಕದಲ್ಲಿ ಕ್ಲಾರ್ಕರು ಆ ಗುಹೆಗಳನ್ನು ಹೊಕ್ಕು, ಮಲಗಿದ ಶಾರ್ಕಿನ ಪಕ್ಕದಲ್ಲಿಯೇ ಕುಳಿತು, ಅದರ ಕಿವಿರುಗಳು ಮಿಡಿಯುವುದನ್ನು ಎಣಿಸಿದರು. ತಳದಿಂದ ಒಸರುವ ಸಿಹಿನೀರಿನ ನೆರವಿನಿಂದ ಮೈಗಂಟಿದ ಪರೋಪಜೀವಿಗಳನ್ನು ಕಳಚಿಕೊಳ್ಳಲು ಶಾರ್ಕುಗಳು ಅಲ್ಲಿಗೆ ಬರುತ್ತಿರಬಹುದೆಂದು ಅವರು ಊಹಿಸಿದರು.

ಕಂಡ ಮೇಲೆ ಸುಮ್ಮನಿರುವುದು ಅವರಿಂದಾಗಲಿಲ್ಲ. ಕೆಂಪು ಸಮುದ್ರದ ರಾಸ್ ಮೊಹಮ್ಮದ್ ಎಂಬಲ್ಲಿನ ಹವಳದ ದಿಬ್ಬಗಳನ್ನು ಉಳಿಸಬೇಕೆಂದು ಈಜಿಪ್ಟಿನ ಅಧಿಕಾರಿಗಳಲ್ಲಿ ಒತ್ತಾಯ ಮಾಡಿದವರಲ್ಲಿ ಅವರೂ ಒಬ್ಬರು. 1983ರಲ್ಲಿ ಆ ಎಡೆ ಆ ದೇಶದ ಮೊದಲನೆಯ ರಾಷ್ಟ್ರೀಯ ಉದ್ಯಾನವಾಯಿತು. 92ನೆಯ ವಯಸ್ಸಿನಲ್ಲಿಯೂ ಸಮುದ್ರಕ್ಕೆ ಇಳಿದ ಈ ಮಹಿಳೆ 2015ರಲ್ಲಿ ಕಾಲವಾದರು.

ಸಮುದ್ರದಡಿಯ ಮನೆ

ಎರಡನೆಯವರು ಸಿಲ್ವಿಯಾ ಅರ್ಲ್. 1935ರಲ್ಲಿ ಜನಿಸಿದ ಇವರು ಹನ್ನೆರಡನೆಯ ವಯಸ್ಸಿನಲ್ಲಿ ತಂದೆತಾಯಿಯರೊಡನೆ ಫ್ಲಾರಿಡಾಕ್ಕೆ ಬಂದು ನೆಲೆಸಿದರು. ಮನೆಯ ಹಿಂದೆಯೇ ಮೆಕ್ಸಿಕೋ ಕೊಲ್ಲಿ. ಬಾಲ್ಯದ ಕುತೂಹಲ ಬೆಳೆದು ಸಸ್ಯಶಾಸ್ತ್ರವಾಯಿತು. ಆ ಕೊಲ್ಲಿಯ ಕಂದು ಪಾಚಿಗಳನ್ನು ಕುರಿತು 1966ರಲ್ಲಿ ಅವರು ಬರೆದ ಪ್ರಬಂಧಕ್ಕಾಗಿ ಇಪ್ಪತ್ತು ಸಾವಿರದಷ್ಟು ಮಾದರಿಗಳನ್ನು ಸಂಗ್ರಹಿಸಿದ್ದರು. ನೀರಿಗಿಳಿದು, ಪಾಚಿ ಬೆಳೆದ ಎಡೆಯಲ್ಲಿಯೇ ಅದನ್ನು ನೋಡಿ ಅಧ್ಯಯನ ಮಾಡಿದ ಮೊದಲಿಗರಲ್ಲಿ ಅವರೊಬ್ಬರು.

ನಮ್ಮ ಹಿಂದೂ ಮಹಾಸಾಗರಕ್ಕೂ ಈಕೆಯ ಬಾಳಿಗೂ ನಂಟುಂಟು. 1964ರಲ್ಲಿ, ಅನೇಕ ರಾಷ್ಟ್ರಗಳು ಸೇರಿ ಹಿಂದೂ ಮಹಾಸಾಗರವನ್ನು ಶೋಧಿಸುತ್ತಿದ್ದಾಗ, 'ಆಂಟನ್ ಬ್ರೂನ್' ಎಂಬ ಹಡಗಿನಲ್ಲಿ ಎಪ್ಪತ್ತು ಮಂದಿ ಗಂಡಸರ ನಡುವೆ ಏಕೈಕ ಮಹಿಳೆಯಾಗಿ ಅವರು ಆರು ವಾರ ಪ್ರಯಾಣ ಮಾಡಿದರು. ಪತ್ರಿಕೆಗಳಿಗೆ ಅವರ ಪಾಚಿಗಿಂತ ಈ ಎಪ್ಪತ್ತು ಗಂಡಸರ ವಿಷಯವೇ ಹೆಚ್ಚು ಸ್ವಾರಸ್ಯವಾಗಿ ಕಂಡಿತು!

ಅವರ ಹೆಸರು ಲೋಕಪ್ರಸಿದ್ಧವಾದುದು 1970ರಲ್ಲಿ. ಕೆರಿಬಿಯನ್ ಸಮುದ್ರದ ವರ್ಜಿನ್ ದ್ವೀಪಗಳಲ್ಲಿ ಸೇಂಟ್ ಜಾನ್ ಎಂಬುದೊಂದು. ಅದರ ಲ್ಯಾಮೆಷರ್ ಕೊಲ್ಲಿಯಲ್ಲಿ, ಸುಮಾರು 15 ಮೀಟರು ಆಳದಲ್ಲಿ, ಅಮೆರಿಕ ಸರ್ಕಾರ 'ಟೆಕ್ಟೈಟ್' ಎಂಬ ಮನೆಯೊಂದನ್ನು ಇಳಿಸಿತ್ತು. ನೆಟ್ಟಗೆ ನಿಲ್ಲಿಸಿದ ಎರಡು ಉಕ್ಕಿನ ಕೊಳಗಗಳು, ನಡುವೆ ಒಂದು ಓಣಿ. ಒಳಗೆ ಮಲಗಲು ಮಂಚ, ಅಡಿಗೆಗೆ ಒಲೆ, ಕೆಲಸಕ್ಕೆ ಮೇಜು. ಸೋಜಿಗವೆಂದರೆ ಆ ಮನೆಯ ಬಾಗಿಲು ನೆಲದಲ್ಲಿತ್ತು, ಮತ್ತು ಅದು ಸದಾ ತೆರೆದೇ ಇರುತ್ತಿತ್ತು. ಬರಿದಾದ ಚೊಂಬನ್ನು ಬೋರಲು ಹಾಕಿ ಹಂಡೆಯ ನೀರಿನೊಳಕ್ಕೆ ಒತ್ತಿದರೆ ಒಳಗಿನ ಗಾಳಿ ನೀರನ್ನು ಮೇಲೇರಗೊಡದು. ಅದೇ ರೀತಿ, ಮನೆಯೊಳಗಿನ ಗಾಳಿಯ ಒತ್ತಡವು ಹೊರಗಿನ ನೀರಿನ ಒತ್ತಡಕ್ಕೆ ಸಮನಾಗಿದ್ದುದರಿಂದ ಸಮುದ್ರವು ಹೊಸಿಲು ದಾಟಿ ಒಳಕ್ಕೆ ಬರುತ್ತಿರಲಿಲ್ಲ.

ಇಂತಹ ಮನೆಯಿಂದ ಆಗುವ ಲಾಭವೇನು? ಒಂದು ಬಟ್ಟೆ ಪೂರ್ತಿಯಾಗಿ ನೆನೆದ ಮೇಲೆ ಅದನ್ನು ಇನ್ನೆಷ್ಟು ಹೊತ್ತು ನೀರಿನಲ್ಲಿಟ್ಟರೂ ಮತ್ತಷ್ಟು ನೆನೆಯದು. ಒಣಗಲು ಬೇಕಾಗುವ ಹೊತ್ತೂ ಹೆಚ್ಚದು. ನಮ್ಮ ಶರೀರವೂ ಹಾಗೆಯೇ. ಒಂದು ಆಳದಲ್ಲಿ ಸಾಕಷ್ಟು ಕಾಲ ಇದ್ದಮೇಲೆ ಮೈ ಸಾರಜನಕದಿಂದ ತಣಿದುಬಿಡುತ್ತದೆ. ಆ ಬಳಿಕ ಅಲ್ಲಿ ಎರಡು ದಿನವಿದ್ದರೂ ಎರಡು ವಾರವಿದ್ದರೂ ಮೇಲೇರಲು ಹಿಡಿಯುವ ಕಾಲ ಒಂದೇ. ಮೇಲಿನಿಂದ ಇಳಿದು ಬಂದವನು ಗಡಿಯಾರವನ್ನು ನೋಡಿಕೊಂಡು ಹಿಂದಿರುಗಬೇಕು. ಅಲ್ಲಿಯೇ ಮನೆ ಮಾಡಿದವನಾದರೋ ಸಾವಕಾಶವಾಗಿ ನೋಡಬಹುದು.

ಸಾವಿರ ಗಂಟೆಗೂ ಹೆಚ್ಚು ಕಾಲವನ್ನು ನೀರಿನಡಿ ಕಳೆದಿದ್ದ ಅರ್ಲ್ ಅವರು ಅಲ್ಲಿರಲು ಅರ್ಜಿ ಹಾಕಿದರು. ಗಂಡಸರೂ ಹೆಂಗಸರೂ ಒಂದೇ ಮನೆಯಲ್ಲಿರುವುದೆಂದರೇನೆಂದು ಅಧಿಕಾರಿಗಳು ಹಿಂಜರಿದರು. ಕೊನೆಗೆ, ಮಹಿಳೆಯರೇ ಇರುವ ಒಂದು ತಂಡ ಹೋಗಲೆಂದು ತೀರ್ಮಾನವಾಯಿತು. ಅರ್ಲ್ ನಾಯಕಿಯಾಗಿ, ರೆನಾಟೆ ಟ್ರೂ, ಆನ್ ಹಾರ್ಟ್‌ಲೈನ್, ಅಲೀನಾ ಸ್ಮಾಂಟ್ ಎಂಬ ವಿಜ್ಞಾನಿಗಳೂ ಮಾರ್ಗರೆಟ್ ಲೂಕಸ್ ಎಂಬ ಎಂಜಿನಿಯರರೂ, ಹೀಗೆ ಐವರು, ಎರಡು ವಾರ ಸಮುದ್ರದಡಿ ವಾಸಮಾಡಿದರು. ಗುಳ್ಳೆಗಳನ್ನು ಹೊರಬಿಡದ ಹೊಸ ಬಗೆಯ ಉಸಿರಾಟದ ಯಂತ್ರವನ್ನು ತೊಟ್ಟಿದ್ದರಿಂದ ಮೀನುಗಳು ಅವರಿಗೆ ಬೆದರಲಿಲ್ಲ. ದಿನದಲ್ಲಿ ಹಲವಾರು ಗಂಟೆಗಳ ಕಾಲ, ಬೆಳಗಿನ ಜಾವದಲ್ಲಿಯೂ ನಡುರಾತ್ರಿಯಲ್ಲಿಯೂ ಹೊರಗೆ ಹೋಗಿ ಅವರು ನೋಡಿದರು. ಹಗಲಿನ ಮೀನುಗಳು ಸಂಜೆಯಾಗುತ್ತಲೆ ತಮ್ಮ ತಮ್ಮ ಬಿರುಕುಗಳನ್ನು ಸೇರುವುದು, ಆ ಬಿರುಕುಗಳಿಂದಲೇ ರಾತ್ರಿಯ ಮೀನುಗಳು ಹೊರಬರುವುದು, ಮುಂಜಾನೆ ಮತ್ತೆ ಸರದಿ ಬದಲಾಗುವುದು. ದಿಬ್ಬದ ಸುತ್ತಲಿನ ಸಸ್ಯಗಳನ್ನು ಮೀನುಗಳು ಮೇದು ಬೋಳಾಗಿಸಿರುವುದು. ಇವೆಲ್ಲ ಅವರ ಕಣ್ಣೆದುರಿಗೆ ನಡೆದವು. ದಿನದಿನವೂ ಕಂಡ ಮೀನುಗಳನ್ನು ಒಂದೊಂದಾಗಿ ಗುರುತಿಸುವಷ್ಟು ಸಲಿಗೆ ಬೆಳೆಯಿತು.

ಮೇಲಕ್ಕೆ ಬಂದ ಐವರಿಗೂ ಷಿಕಾಗೋ ನಗರದಲ್ಲಿ ಮೆರವಣಿಗೆ, ಶ್ವೇತಭವನದಲ್ಲಿ ಸತ್ಕಾರ ದೊರೆತವು. ಗಂಡಸರ ತಂಡಗಳಿಗೆ ಇಂತಹ ಮೆರವಣಿಗೆ ನಡೆದಿರಲಿಲ್ಲ. ಹೆಂಗಸರು ಈ ಕೆಲಸವನ್ನು ಮಾಡಬಲ್ಲರೆಂಬುದೇ ಜನರಿಗೆ ಅಚ್ಚರಿಯಾಗಿತ್ತೆಂಬುದು ಇದರಿಂದ ತಿಳಿಯುತ್ತದೆ. ಆದರೆ ಆ ಅಚ್ಚರಿಯಿಂದಲೂ ಒಳಿತಾಯಿತು. ಜನ ಅರ್ಲ್ ಅವರ ಮಾತಿಗೆ ಕಿವಿಗೊಡತೊಡಗಿದರು.

ಬೆಳಕು ಬತ್ತುವ ಎಡೆಯಲ್ಲಿ

1979ರ ಸೆಪ್ಟೆಂಬರಿನಲ್ಲಿ ಹವಾಯಿ ದ್ವೀಪಗಳ ಓಹಾಹು ಬಳಿ ಅರ್ಲ್ ಅವರು ಇನ್ನೂ ದೊಡ್ಡ ಸಾಹಸಕ್ಕೆ ಅಣಿಯಾದರು. 'ಜಿಮ್' ಎಂಬ ಲೋಹದ ಕವಚವನ್ನು ತೊಟ್ಟು, ಚಿಕ್ಕದೊಂದು ಜಲಾಂತರ್ನೌಕೆಯ ಮುಂಭಾಗಕ್ಕೆ ಕಟ್ಟಿಸಿಕೊಂಡು, 1,250 ಅಡಿ, ಎಂದರೆ ಸುಮಾರು 381 ಮೀಟರು, ಕೆಳಗೆ ಇಳಿದು ತಳದ ಮೇಲೆ ಕಾಲಿಟ್ಟರು. ಅಲ್ಲಿ ಒತ್ತಡ ನಮ್ಮ ನೆಲದ ಮೇಲಿರುವುದರ ಸುಮಾರು ನಲವತ್ತು ಮಡಿ. ಕವಚದ ಒಳಗೆ ಮಾತ್ರ ನೆಲದ ಮೇಲಿನಷ್ಟೇ ಒತ್ತಡವಿದ್ದುದರಿಂದ ಸಾರಜನಕದ ಭಯವಿರಲಿಲ್ಲ. ಹಡಗಿನಿಂದ ಇಳಿದುಬಂದ ಯಾವ ಹಗ್ಗವೂ ಇಲ್ಲದೆ, ಜಲಾಂತರ್ನೌಕೆಗೆ ಸೇರಿಸಿದ್ದ ಮಾತಿನ ತಂತಿಯೊಂದನ್ನು ಮಾತ್ರ ನಂಬಿ, ಅವರು ಎರಡೂವರೆ ಗಂಟೆಗಳ ಕಾಲ ಅಲ್ಲಿ ನಡೆದಾಡಿದರು. ಬಿದಿರಿನ ಗಳುವಿನಂತೆ ಎದ್ದು ನಿಂತ ಹವಳವೊಂದನ್ನು ಮೆಲ್ಲನೆ ಮುಟ್ಟಿದಾಗ ಅದರ ಮೈಯುದ್ದಕ್ಕೂ ನೀಲಿಯ ಬೆಳಕಿನ ಉಂಗುರಗಳು ಹರಿದವು. ಸೂರ್ಯನ ಬೆಳಕು ಬತ್ತಿಹೋಗುವ ಆ ಆಳದಲ್ಲಿ ಜೀವಿಗಳು ತಮ್ಮ ದೀಪವನ್ನು ತಾವೇ ಹಚ್ಚಿಕೊಂಡಿದ್ದವು.

1990ರಲ್ಲಿ ಅವರು ಅಮೆರಿಕದ ಸಾಗರ ಮತ್ತು ವಾಯುಮಂಡಲ ಇಲಾಖೆಯ ಮುಖ್ಯ ವಿಜ್ಞಾನಿಯಾದರು. ಆ ಹುದ್ದೆಯನ್ನೇರಿದ ಮೊದಲ ಮಹಿಳೆ ಅವರೇ. ಕೊಲ್ಲಿ ಯುದ್ಧದಲ್ಲಿ ಸಮುದ್ರಕ್ಕೆ ಹರಿದ ಎಣ್ಣೆಯಿಂದಾದ ಕೇಡನ್ನು ಸ್ವತಃ ಹೋಗಿ ಪರಿಶೀಲಿಸಿದರು. ಎರಡು ವರ್ಷಗಳ ಬಳಿಕ ಹುದ್ದೆಯನ್ನು ಬಿಟ್ಟು ಸ್ವತಂತ್ರವಾಗಿ ಮಾತನಾಡತೊಡಗಿದರು. 2009ರಲ್ಲಿ 'ಮಿಷನ್ ಬ್ಲೂ' ಎಂಬ ಸಂಘಟನೆಯನ್ನು ಕಟ್ಟಿ, ಉಳಿಸಲೇಬೇಕಾದ ಸಾಗರಪ್ರದೇಶಗಳನ್ನು 'ಭರವಸೆಯ ತಾಣ'ಗಳೆಂದು ಗುರುತಿಸುವ ಕೆಲಸವನ್ನು ಆರಂಭಿಸಿದರು. ಅವುಗಳ ಸಂಖ್ಯೆ ಇಂದು ನೂರೈವತ್ತನ್ನು ಮೀರಿದೆ. ನಮ್ಮ ಲಕ್ಷದ್ವೀಪವೂ ಅಂಡಮಾನ್ ನಿಕೋಬಾರ್ ದ್ವೀಪಗಳೂ ಆ ಪಟ್ಟಿಯಲ್ಲಿ ಸೇರಿವೆ.

ಈಟಿಯನ್ನು ಕೆಳಗಿಟ್ಟ ಬೇಟೆಗಾರ್ತಿ

ಮೂರನೆಯವರು ಆಸ್ಟ್ರೇಲಿಯಾದ ವ್ಯಾಲರಿ ಟೇಲರ್. ಇವರೂ 1935ರಲ್ಲಿಯೇ ಜನಿಸಿದವರು. ಹನ್ನೆರಡನೆಯ ವಯಸ್ಸಿನಲ್ಲಿ ಪೋಲಿಯೋ ರೋಗಕ್ಕೆ ತುತ್ತಾಗಿ, ನಡೆಯುವುದನ್ನೇ ಹೊಸದಾಗಿ ಕಲಿಯಬೇಕಾಯಿತು. ಬಲಗುಂದಿದ ಮೈಗೆ ನೀರು ಹಿತವಾಗಿತ್ತು. ಮುಂದೆ ಅವರು ನೀರಿನಡಿ ಈಟಿಯಿಂದ ಮೀನು ಹೊಡೆಯುವ ಪಂದ್ಯಗಳಲ್ಲಿ ತಮ್ಮ ದೇಶಕ್ಕೇ ಮೊದಲಿಗರಾದರು. ಅವರ ಪತಿ ರಾನ್ ಟೇಲರರೂ ಅದೇ ಕಲೆಯಲ್ಲಿ ಜಗತ್ತಿನ ಚಾಂಪಿಯನ್.

ಆದರೆ ಎಷ್ಟೋ ವರ್ಷ ಮೀನುಗಳ ನಡುವೆ ಕಳೆದ ಈ ದಂಪತಿಗಳಿಗೆ, ತಾವು ಹೊಡೆಯುತ್ತಿರುವುದು ಕಣ್ಣಿಟ್ಟು ತಮ್ಮನ್ನು ನೋಡುವ ಜೀವಿಗಳನ್ನೆಂಬ ಅರಿವು ಮೂಡಿತು. ಇಬ್ಬರೂ ಈಟಿಯನ್ನು ಬಿಟ್ಟು ಕ್ಯಾಮರಾವನ್ನು ಹಿಡಿದರು. 1975ರಲ್ಲಿ ತೆರೆಕಂಡ 'ಜಾಸ್' ಎಂಬ ಚಲನಚಿತ್ರಕ್ಕಾಗಿ ನಿಜವಾದ ಬಿಳಿ ಶಾರ್ಕುಗಳನ್ನು ಚಿತ್ರಿಸಿಕೊಟ್ಟವರು ಇವರೇ. ಚಿತ್ರವನ್ನು ನೋಡಿದ ಜನ ಹೆದರಿದರು. ಹೆದರಿದವರಲ್ಲಿ ಕೆಲವರು ಕಂಡ ಕಂಡ ಶಾರ್ಕುಗಳನ್ನು ಕೊಲ್ಲಲು ಹೊರಟರು. ತಮ್ಮ ಕೈಯ ಕೆಲಸದಿಂದ ಇಂತಹ ಫಲ ಬಂದುದನ್ನು ಕಂಡು ಟೇಲರ್ ದಂಪತಿಗಳು ನೊಂದು, ಅದು ಕಟ್ಟುಕಥೆಯೆಂದು ಜನರಿಗೆ ತಿಳಿಹೇಳಲು ಊರೂರು ತಿರುಗಿದರು. ವ್ಯಾಲರಿಯವರು ಉಕ್ಕಿನ ಸಣ್ಣ ಉಂಗುರಗಳಿಂದ ಹೆಣೆದ ಅಂಗಿಯನ್ನು ತೊಟ್ಟು, ಶಾರ್ಕಿನ ಬಾಯಿಗೆ ತಮ್ಮ ತೋಳನ್ನೇ ಒಡ್ಡಿ, ಅದು ಹೇಗೆ ಕಚ್ಚುತ್ತದೆ, ಹೇಗೆ ಬಿಡುತ್ತದೆ ಎಂಬುದನ್ನು ಪರೀಕ್ಷಿಸಿದರು.

ಆಸ್ಟ್ರೇಲಿಯಾದ ಕರಾವಳಿಯಲ್ಲಿ 'ಬೂದು ನರ್ಸ್' ಎಂಬ ಶಾರ್ಕುಂಟು. ಬಾಯಿ ಮುಚ್ಚಿದರೂ ಹೊರಗೆ ಕಾಣುವ ಚೂಪುಹಲ್ಲುಗಳಿಂದಾಗಿ ನೋಟಕ್ಕೆ ಭಯಂಕರ, ಸ್ವಭಾವದಿಂದ ಸಾಧು. ಅದರ ಮರಿಗಳು ತಾಯ ಗರ್ಭದಲ್ಲಿಯೇ ಒಂದನ್ನೊಂದು ತಿಂದು, ಎರಡು ವರ್ಷಕ್ಕೊಮ್ಮೆ ಹೆಚ್ಚೆಂದರೆ ಎರಡು ಮರಿ ಹುಟ್ಟುತ್ತವೆ. ಇಷ್ಟು ಮಂದಗತಿಯಿಂದ ಬೆಳೆಯುವ ಕುಲವನ್ನು ಬೇಟೆಗಾರರು ಬಹುಬೇಗ ಅಳಿವಿನಂಚಿಗೆ ತಂದುಬಿಟ್ಟರು. ಟೇಲರ್ ದಂಪತಿಗಳೂ ಅವರಂತಹ ಇತರರೂ ಎತ್ತಿದ ಕೂಗಿನಿಂದ 1984ರಲ್ಲಿ ನ್ಯೂ ಸೌತ್ ವೇಲ್ಸ್ ಸರ್ಕಾರ ಅದಕ್ಕೆ ಕಾನೂನಿನ ರಕ್ಷಣೆ ನೀಡಿತು. ಜಗತ್ತಿನಲ್ಲಿ ಶಾರ್ಕೊಂದಕ್ಕೆ ಇಂತಹ ರಕ್ಷಣೆ ದೊರೆತುದು ಅದೇ ಮೊದಲು.

ಕಂಡವರ ಸಾಕ್ಷಿ

ಇಷ್ಟಕ್ಕೂ ಸಮುದ್ರ ಕೆಟ್ಟರೆ ನಮಗೇನು? ಈ ಪ್ರಶ್ನೆಗೆ ಉತ್ತರ ನಮ್ಮ ಪ್ರತಿಯೊಂದು ಉಸಿರಿನಲ್ಲಿದೆ. ಭೂಮಿಯ ಮೇಲೆ ವರ್ಷವರ್ಷವೂ ಉತ್ಪತ್ತಿಯಾಗುವ ಆಮ್ಲಜನಕದಲ್ಲಿ ಅರ್ಧದಷ್ಟನ್ನು ತಯಾರಿಸುವವು ಸಮುದ್ರದ ಸಸ್ಯಗಳು. ಅವುಗಳಲ್ಲಿ ಹೆಚ್ಚಿನವು ಬರಿಯ ಕಣ್ಣಿಗೆ ಕಾಣದಷ್ಟು ಸೂಕ್ಷ್ಮ. ನಾವು ಸುಡುವ ಕಲ್ಲಿದ್ದಲು ಎಣ್ಣೆಗಳಿಂದ ಭೂಮಿಯಲ್ಲಿ ಉಳಿದುಹೋಗುವ ಹೆಚ್ಚಿನ ಶಾಖದಲ್ಲಿ ನೂರಕ್ಕೆ ತೊಂಬತ್ತು ಪಾಲನ್ನು ಸಮುದ್ರವೇ ಹೀರಿಕೊಂಡು ನಮ್ಮನ್ನು ಕಾಯುತ್ತಿದೆ. ಆದರೆ ಆ ಶಾಖವನ್ನು ಉಣ್ಣುವವರು ಅಲ್ಲಿ ಬೇರೆಯೇ ಇದ್ದಾರೆ. ಹವಳವೆಂಬುದು ಒಂದು ಪುಟ್ಟ ಪ್ರಾಣಿ. ಅದರ ಮೈಯೊಳಗೆ ವಾಸಿಸುವ ಸೂಕ್ಷ್ಮ ಪಾಚಿಯೇ ಅದಕ್ಕೆ ಬಣ್ಣವನ್ನೂ ಬಹುಪಾಲು ಆಹಾರವನ್ನೂ ಒದಗಿಸುವುದು. ನೀರು ಮಿತಿಮೀರಿ ಬಿಸಿಯಾದಾಗ ಆ ನಂಟು ಮುರಿದು, ಪಾಚಿ ಹೊರಬಿದ್ದು, ಹವಳ ಬಿಳಿಚಿಕೊಳ್ಳುತ್ತದೆ. ಬೇಗ ತಂಪಾಗದಿದ್ದರೆ ಹಸಿವಿನಿಂದ ಸಾಯುತ್ತದೆ. 2023ರಿಂದೀಚೆಗೆ ಜಗತ್ತಿನ ಹವಳದ ದಿಬ್ಬಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲಿಗೆ ಇಂತಹ ಬಿಸಿ ತಾಗಿತು.

ಐವರು ಮಹಿಳೆಯರು ಮನೆಮಾಡಿದ್ದ ಆ ವರ್ಜಿನ್ ದ್ವೀಪಗಳಲ್ಲಿಯೇ 2005ರಲ್ಲಿ ನೀರು ಬಿಸಿಯೇರಿ, ಅದರ ಬೆನ್ನಿಗೆ ರೋಗವೂ ಬಂದು, ವಿಜ್ಞಾನಿಗಳು ಗಮನವಿಟ್ಟಿದ್ದ ತಾಣಗಳಲ್ಲಿ ಅರ್ಧಕ್ಕೂ ಹೆಚ್ಚಿನ ಹವಳ ನಾಶವಾಯಿತು. ಶಾರ್ಕುಗಳ ಪಾಡೂ ಹೀಗೆಯೇ. ತೆರೆದ ಸಾಗರದ ಶಾರ್ಕು ಮತ್ತು ತೊರಕೆಗಳ ಸಂಖ್ಯೆ 1970ರಿಂದೀಚೆಗೆ ನೂರಕ್ಕೆ 71ರಷ್ಟು ಕುಗ್ಗಿತೆಂದು 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕಹಾಕಿದೆ. ಅದಕ್ಕೆ ಮುಖ್ಯ ಕಾರಣ ಮಿತಿಯಿಲ್ಲದ ಮೀನುಗಾರಿಕೆ.

ಮೇಲಿನಿಂದ ನೋಡುವವರಿಗೆ ಇದೊಂದೂ ಕಾಣದು. ಹವಳ ಸತ್ತ ಮೇಲೆಯೂ ಅಲೆಯ ಬಣ್ಣ ನೀಲಿಯೇ. ಶಾರ್ಕು ಇಲ್ಲದ ಸಮುದ್ರವೂ ದಡದಲ್ಲಿ ನಿಂತವರ ಕಾಲನ್ನು ತೊಳೆಯುತ್ತದೆ. ಕಾಡು ಬೋಳಾದರೆ ದಾರಿಹೋಕನಿಗೂ ತಿಳಿಯುತ್ತದೆ; ಕಡಲು ಬೋಳಾದುದನ್ನು ಇಳಿದು ನೋಡಿದವರೇ ಬಂದು ಹೇಳಬೇಕು. ಆರಂಭದಲ್ಲಿ ಕೇಳಿದ ಪ್ರಶ್ನೆಗೆ ಉತ್ತರವೂ ಇದೇ ಎಂದು ನಮಗೆ ತೋರುತ್ತದೆ. ಈ ಮೂವರೂ ಒಂದೇ ಎಡೆಗೆ ಹತ್ತು ವರ್ಷ, ಇಪ್ಪತ್ತು ವರ್ಷ, ಐವತ್ತು ವರ್ಷ ಮತ್ತೆ ಮತ್ತೆ ಇಳಿದವರು. ಮೊದಲು ಏನಿತ್ತು, ಈಗ ಏನಿಲ್ಲ ಎಂಬುದು ಅವರಿಗೆ ಕಣ್ಣಾರೆ ಗೊತ್ತಿತ್ತು. ಹಾಗೆ ಬಲ್ಲವರಿಗೆ ಸುಮ್ಮನಿರಲು ಸಾಧ್ಯವಾಗಲಿಲ್ಲ.

ಅವರ ಮಾತು ವ್ಯರ್ಥವಾಗಲಿಲ್ಲ. 2030ರ ಹೊತ್ತಿಗೆ ನೆಲದಲ್ಲಿಯೂ ಸಮುದ್ರದಲ್ಲಿಯೂ ನೂರಕ್ಕೆ 30 ಪಾಲನ್ನು ರಕ್ಷಿಸಬೇಕೆಂದು 2022ರಲ್ಲಿ ರಾಷ್ಟ್ರಗಳು ಒಪ್ಪಿದವು. ಯಾವ ದೇಶಕ್ಕೂ ಸೇರದ ನಡುಸಾಗರದ ಜೀವಿಗಳ ರಕ್ಷಣೆಗಾಗಿ 2023ರಲ್ಲಿ ವಿಶ್ವಸಂಸ್ಥೆಯಲ್ಲಿ ಒಪ್ಪಂದವೊಂದು ಅಂಗೀಕೃತವಾಯಿತು. ನಮ್ಮ ದೇಶವು 2001ರಲ್ಲಿ, ಮೀನುಗಳಲ್ಲೆಲ್ಲ ಅತಿ ದೊಡ್ಡದಾದ ತಿಮಿಂಗಿಲ ಶಾರ್ಕನ್ನು ಹುಲಿ ಆನೆಗಳ ಸಾಲಿಗೆ ಸೇರಿಸಿ, ಅದರ ಬೇಟೆಯನ್ನು ನಿಷೇಧಿಸಿತು.

ನಮ್ಮ ದಡದಲ್ಲಿ

ಕನ್ನಡನಾಡಿನ ಕರಾವಳಿಯೂ ಈ ಕಥೆಗೆ ಹೊರತಲ್ಲ. ಮುರುಡೇಶ್ವರದ ಎದುರಿಗೆ ಅರಬ್ಬೀ ಸಮುದ್ರದಲ್ಲಿರುವ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ, ಬಣ್ಣಬಣ್ಣದ ಮೀನುಗಳಿವೆ. ಮಳೆಗಾಲ ಕಳೆದು ನೀರು ತಿಳಿಯಾದ ಮೇಲೆ ಸ್ಕೂಬಾ ಕಲಿಯಲು ಅಲ್ಲಿಗೆ ಬರುವವರಲ್ಲಿ ನಮ್ಮ ಹೆಣ್ಣುಮಕ್ಕಳೂ ಇದ್ದಾರೆ. ಅವರಿಗೆ ಮೊದಲು ಹೇಳಿಕೊಡುವ ಪಾಠಗಳಲ್ಲಿ ಉಸಿರನ್ನು ಎಂದಿಗೂ ಬಿಗಿಹಿಡಿಯಬಾರದೆಂಬುದು ಒಂದು. ಯಾವುದನ್ನೂ ಮುಟ್ಟಬಾರದು, ಏನನ್ನೂ ಕಿತ್ತು ತರಬಾರದೆಂಬುದು ಇನ್ನೊಂದು. ಮೊದಲನೆಯದು ಮುಳುಗುವವರ ಜೀವಕ್ಕಾಗಿ. ಎರಡನೆಯದು ಹವಳದ ಜೀವಕ್ಕಾಗಿ. ಒಂದು ಒದೆತದಿಂದ ಮುರಿದುಬಿದ್ದ ಹವಳದ ಕೊಂಬೆ ಮತ್ತೆ ಬೆಳೆಯಲು ವರ್ಷಗಳೇ ಬೇಕು.

ಸ್ಕೂಬಾ ತೊಡದೆಯೂ ಕಡಲನ್ನು ಬಲ್ಲ ಹೆಂಗಸರು ನಮ್ಮಲ್ಲಿದ್ದಾರೆ. ಕುಮಟೆಯ ಬಳಿ ಅಘನಾಶಿನಿ ನದಿಯ ಅಳಿವೆಯಲ್ಲಿ ಇಳಿತದ ಹೊತ್ತಿಗೆ ನೀರಿಗಿಳಿದು, ಕೆಸರನ್ನು ತಡಕಿ ಬಳಚುಗಳನ್ನು ಆಯುವ ಹೆಂಗಸರನ್ನು ನಾವು ಕಾಣಬಹುದು. ಯಾವ ದಿಬ್ಬದಲ್ಲಿ ಬಳಚು ಹೆಚ್ಚು, ಯಾವ ವರ್ಷ ಕಡಿಮೆಯಾಯಿತು ಎಂಬುದು ಅವರ ಅಂಗೈಗೆ ಗೊತ್ತು. ಆ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ 'ರಾಮ್ಸರ್' ಪಟ್ಟಿಗೆ ಸೇರಿತು. ಅದನ್ನು ಕಾಯುವ ಯೋಜನೆಯನ್ನು ಹಾಕುವವರು ಮೊದಲು ಆ ಹೆಂಗಸರನ್ನು ಕೇಳಿದರೆ, ಯಾವ ಯಂತ್ರವೂ ಹೇಳದ ಸಂಗತಿಗಳು ತಿಳಿದಾವು.

ನಾವೆಲ್ಲರೂ ಕಡಲ ತಳಕ್ಕೆ ಇಳಿಯಲಾರೆವು. ಆದರೆ ಇಳಿದು ನೋಡಿ ಬಂದವರು ಹೇಳುವುದನ್ನು ಕೇಳುವುದು ನಮ್ಮಿಂದಾಗದ ಕೆಲಸವಲ್ಲ. ಮನೆಯಲ್ಲಿ ಈಜು ಕಲಿಯುತ್ತೇನೆಂದು ಹಟ ಹಿಡಿಯುವ ಹುಡುಗಿಯಿದ್ದರೆ ಅವಳನ್ನು ತಡೆಯದೆ ಕಲಿಸೋಣ. ಮುಂದಿನ ಐವತ್ತು ವರ್ಷ ನಮ್ಮ ಕಡಲಿನ ಒಳಗನ್ನು ನೋಡಿ ನಮಗೆ ತಿಳಿಸುವವರು ಅವಳ ವಯಸ್ಸಿನವರಿಂದಲೇ ಬರಬೇಕಾಗಿದೆ.